ಮುಕ್ಕಳಿಸಿದ್ದೇ ಬಂತು

"ಥೂ, ಇದೂ ಬರೀ ನೀರು!" ಎಂದು ಹಲ್ಲಿನ ಡಾಕ್ಟರು ಎರಡನೆಯ ಬಾಟಲಿಯನ್ನೂ ಬೇಸಿನ್ ಪಕ್ಕ ಕುಕ್ಕಿದರು. ಬಾಯಿ ಮುಕ್ಕಳಿಸುವ ಔಷಧಿ ಎಂದರೆ ನಾಲಿಗೆ ಚುರುಗುಟ್ಟಬೇಕು, ಘಾಟು ನೆತ್ತಿಗೇರಬೇಕು. ಇದರಲ್ಲಿ ಎರಡೂ ಇಲ್ಲ.

ಇವತ್ತೇ ಹೀಗಾಗಬೇಕಿತ್ತೆ? ಮಗಳು ಇಪ್ಪತ್ತು ದಿನದ ಕೂಸನ್ನು ಎತ್ತಿಕೊಂಡು ಮೊದಲ ಸಲ ಬರುತ್ತಿದ್ದಳು. "ಅಪ್ಪಾ, ಊರಿಗೆಲ್ಲ ಜ್ವರ. ಮಾಸ್ಕ್ ಗದ್ದಕ್ಕೆ ಹಾಕ್ಕೊಂಡು ಕೆಲಸ ಮಾಡಿದ್ರೆ ಪಾಪುನ ಮುಟ್ಟೋ ಹಾಗಿಲ್ಲ" ಎಂದು ಫೋನಿನಲ್ಲೇ ಗದರಿಸಿದ್ದಳು. ಡಾಕ್ಟರು ನಕ್ಕಿದ್ದರು. ಮೂಗಿಗೇರಿಸಿದರೆ ಕನ್ನಡಕಕ್ಕೆ ಮಂಜು ಕವಿಯುತ್ತದೆ, ಹಲ್ಲು ಕಾಣುವುದು ಹೇಗೆ? ಅದಕ್ಕೇ ಅವರದೊಂದು ಸ್ವಂತ ಸಿದ್ಧಾಂತವಿತ್ತು: ವೈರಸ್ಸಿಗೆ ಬಾಯಿಯೇ ಹೆಬ್ಬಾಗಿಲು, ಬಾಗಿಲು ತೊಳೆದರೆ ಮನೆ ಭದ್ರ. ರೋಗಿ ಒಂದು ನಿಮಿಷ ಮುಕ್ಕಳಿಸಬೇಕು, ತಾವೂ ಒಂದು ನಿಮಿಷ. ಮೂವತ್ತು ವರ್ಷ ಬಾಯಿಯನ್ನೇ ನೋಡಿದ ಮಹಾನುಭಾವರಿಗೆ ಮುಖದಲ್ಲಿ ಮೂಗೂ ಇದೆ ಎಂಬುದು ಮರೆತೇಹೋಗಿತ್ತು.

ಹೆಂಡತಿ ಮೂರನೆಯ ಬಾಟಲಿ ತಂದುಕೊಟ್ಟರು. ಡಾಕ್ಟರು ಒಂದು ಗುಟುಕು ಮುಕ್ಕಳಿಸಿ ಉಗಿದರು.

"ನಕಲಿ ಮಾಲು ಕಣೇ! ಅಂಗಡಿಯವನು ಟೋಪಿ ಹಾಕಿದಾನೆ. ನಾಳೆ ಅವನ ಗ್ರಹಚಾರ ಬಿಡಿಸ್ತೀನಿ!"

ಹೆಂಡತಿ ಬಾಟಲಿ ಮೂಸಿ ಮುಖ ಹಿಂದಕ್ಕೆಳೆದುಕೊಂಡರು. "ಅಬ್ಬಬ್ಬಾ! ಕಣ್ಣಲ್ಲಿ ನೀರೇ ಬಂತಲ್ರೀ! ನಿಮಗೆ ಗೊತ್ತಾಗ್ತಿಲ್ವಾ?"

ಡಾಕ್ಟರು ಸೋಪು ಮೂಸಿದರು. ಟೂತ್‌ಪೇಸ್ಟು ಮೂಸಿದರು. ಕೊನೆಗೆ, ಮರ್ಯಾದೆ ಬಿಟ್ಟು, ತಮ್ಮದೇ ಕಾಲುಚೀಲ ಮೂಸಿದರು. ಊಹೂಂ. ಕನ್ನಡಿಯೊಳಗಿನ ಮುಖಕ್ಕೆ ಕೈಮುಗಿದರು. 'ಭಲೇ ಪಂಡಿತ! ಸೋಂಕು ತಗುಲಿದೆ ಅಂತ ಔಷಧಿ ಮೂರು ಸಲ ಹೇಳಿತು. ನೀನು ಅಂಗಡಿಯವನನ್ನು ಬೈದೆ.'

ಕರೆಗಂಟೆ ಸದ್ದಾಯಿತು. ಕೂಸನ್ನು ಎತ್ತಿಕೊಳ್ಳಲೆಂದು ಒಂದು ವಾರದಿಂದ ದಿಂಬು ಎತ್ತಿ ಅಭ್ಯಾಸ ಮಾಡಿದ್ದ ಕೈಗಳು ತಾವಾಗಿಯೇ ಮುಂದೆ ಬಂದವು. ಡಾಕ್ಟರಿಗೆ ಅಳು ಬಂತು. ಓಡಿಹೋಗಿ ಹಿಂದಿನ ಕೋಣೆ ಸೇರಿ ಚಿಲಕ ಹಾಕಿಕೊಂಡರು. "ಒಳಗೆ ಕರೀಬೇಡ ಕಣೇ! ಕಿಟಕಿ ಹತ್ರ ಕರ್ಕೊಂಡ್ಬಾ ಅವಳನ್ನ!"

ಮಗಳು ಹೊರಗಿನಿಂದ, ಮುಚ್ಚಿದ ಗಾಜಿನಾಚೆ ಕೂಸನ್ನು ಎತ್ತಿ ಹಿಡಿದಳು. ಒಳಗೆ ಒಬ್ಬರೇ ಇದ್ದರೂ ಡಾಕ್ಟರು ಮಾಸ್ಕನ್ನು ಗದ್ದದಿಂದ ಮೂಗಿನ ಮೇಲಕ್ಕೆ ಎಳೆದುಕೊಂಡರು. ಕನ್ನಡಕಕ್ಕೆ ಮಂಜು ಕವಿಯಿತು.

"ಅಪ್ಪಾ, ನೋಡು ನೋಡು, ಆಕಳಿಸ್ತಿದೆ! ಕಾಣ್ತಾ?"

ಡಾಕ್ಟರು ಮಾಸ್ಕ್ ಇಳಿಸಲಿಲ್ಲ. ಬೆಳ್ಳಗಿನ ಮಂಜಿನತ್ತ ಕತ್ತು ಚಾಚಿ ಕೂಗಿದರು: "ಕಾಣ್ತಿದೆ ಮಗಳೇ, ಚೆನ್ನಾಗಿ ಕಾಣ್ತಿದೆ. ಒಂದು ಹಲ್ಲೂ ಹುಳುಕಿಲ್ಲ!"