ಅಡಿವೆಪ್ಪಜ್ಜನ ಮೂಲ

ಹುಡುಗ ಮಗಳ ಮನಸ್ಸಿಗೆ ಬಂದಿದ್ದ. ಶಿವಪುತ್ರಪ್ಪನಿಗೆ ಮಾತ್ರ ಆ ಮನೆತನ ತೀರ ಸಣ್ಣದೆನಿಸಿತ್ತು. ಬಾಯಿಬಿಟ್ಟು ಇಲ್ಲವೆನ್ನುವ ಬದಲು, ವಂಶಾವಳಿ ಓದುವ ಹೆಳವನನ್ನೇ ಕರೆಸಿ ಹೆಣ್ಣು ಕೇಳಲು ಬಂದ ಹುಡುಗನ ಮನೆಯವರೆದುರು ಕೂರಿಸುವ ದೊಡ್ಡತನ ತೋರಿದ.

"ಕಾಡು ಕಡಿದು ಈ ಊರಾಗ ಮೊದಲ ನೇಗಿಲು ಹೂಡಿದಾಂವ ನಮ್ಮ ಅಡಿವೆಪ್ಪಜ್ಜ. ನಿಮ್ಮ ಮನಿತನದಾಗ ಅಂಥಾವ್ರು ಯಾರರ ಅದಾರೇನ್ರಿ?"

"ನಾವು ಸಣ್ಣ ಮಂದಿರಿ," ಎಂದ ಹುಡುಗನ ತಂದೆ.

ವಂಶಾವಳಿಯ ಹೊತ್ತಿಗೆ ಓದುತ್ತಿದ್ದ ಹೆಳವ ಅಷ್ಟರಲ್ಲಿ ತಡವರಿಸಿದ. "ಇಲ್ಲಿಗೆ ಸಾಕೇನ್ರಿ, ಧಣ್ಯಾರ?"

"ಯಾಕ? ಅಜ್ಜ ಎಲ್ಲಿಂದ ಬಂದ, ಏನು ತಂದ, ಎಲ್ಲಾ ಓದೋ. ಇವರಿಗೂ ಗೊತ್ತಾಗ್ಲಿ!"

"ಅಡಿವೆಪ್ಪ, ಕರಿಹೊಲ ಊರಿನ ಮುದುಕಪ್ಪನ ಮನೆಯ ಆಳು. ಧಣಿಯ ಒಂದು ಜೋಡಿ ಎತ್ತು ಕದ್ದು ಇಲ್ಲಿಗೆ ಓಡಿಬಂದ."

ಹುಡುಗನ ತಂದೆ ಚಹಾದ ಬಸಿ ಕೆಳಗಿಟ್ಟ. "ಮುದುಕಪ್ಪ ಅಂದ್ರ ನಮ್ಮ ಮುತ್ತಜ್ಜರಿ. ಎತ್ತು ನೀವೇ ಇಟ್ಕೋರಿ, ಹುಡುಗಿ ಕೊಟ್ರ ಸಾಕು."