ಕಂಪ್ಯೂಟರಿನ ತಾರೀಕು

ಆಗಸ್ಟ್ ಏಳರಂದು ರಜೆ ಹಾಕಿದ್ದ ವಿಮಲಾಕ್ಷಿಯ ಮೇಜಿನ ಮೇಲೆ ಸಾಹೇಬರು ಮೆಮೊ ಎಸೆದರು. ಹೇಳದೆ ಕೇಳದೆ ಗೈರುಹಾಜರಿಯಂತೆ. ಮುಂದಿನ ವಾರ ಖಾಯಂ ಆಗಬೇಕಿದ್ದ ಅವಳ ನೌಕರಿ ಕೈತಪ್ಪಲು ಅಷ್ಟು ಸಾಕಿತ್ತು.

“ಅರ್ಜಿ ಹಾಕಿದ್ದೆ ಸರ್. 7/8 ಅಂತ ತುಂಬಿದ್ದೆ.”

“ಕಂಪ್ಯೂಟರ್ ಜುಲೈ ಎಂಟು ಅಂತಿದೆಯಲ್ಲಮ್ಮ. ಅದು ಸುಳ್ಳು ಹೇಳುತ್ತಾ?”

ವಿಮಲಾಕ್ಷಿ ಕಂಪ್ಯೂಟರಿಗೆ ನೇರ ಆಜ್ಞೆ ಕೊಡುವ ಕಪ್ಪು ಪರದೆ ತೆರೆದು ಒಂದೇ ಒಂದು ಸಾಲಿನ ಆಜ್ಞೆ ಕುಟ್ಟಿದಳು. ಭಾಷೆ ಇಂಗ್ಲಿಷ್, ಪ್ರದೇಶ ಅಮೆರಿಕ ಎಂದು ಉತ್ತರ ಬಂತು.

“ನೋಡಿ ಸರ್. ಅಮೆರಿಕದವರು ತಿಂಗಳು ಮೊದಲು, ದಿನ ಆಮೇಲೆ ಬರೀತಾರೆ. ನಾವು ತುಂಬಿದ ತಾರೀಕನ್ನೆಲ್ಲ ಇದು ಹಾಗೇ ಓದಿಕೊಂಡಿದೆ. ಇಂಡಿಯಾ ಮಾಡಿಬಿಡ್ಲಾ?”

“ಇಂಡಿಯಾ ಮಾಡಿಬಿಡ್ಲಾ,” ಸಾಹೇಬರು ಅವಳ ದನಿಯನ್ನೇ ಮೂಗಿನಿಂದ ಎಳೆದು ಅಣಕಿಸಿದರು. “ಮುಟ್ಟಿದ್ರೆ ನೋಡು. ಅಮೆರಿಕದವರಿಗಿಂತ ನೀನು ಬುದ್ಧಿವಂತಳೇನಮ್ಮ?”

ಬರುವ ಡಿಸೆಂಬರ್ ಮೂರಕ್ಕೆ ಅರವತ್ತು ತುಂಬಿ ಮನೆಗೆ ಹೋಗಬೇಕಿದ್ದರೂ, ಕುರ್ಚಿ ತಮ್ಮ ಜೊತೆಗೇ ಹುಟ್ಟಿದ್ದೆಂಬಂತೆ ಕೂರುತ್ತಿದ್ದ ಆ ಮಹಾನುಭಾವರು ಮೆಮೊದ ಕೆಳಗೆ ಹಸಿರು ಶಾಯಿಯಲ್ಲಿ ಷರಾ ಗೀಚಿದರು: ಕಂಪ್ಯೂಟರಿನಲ್ಲಿರುವ ತಾರೀಕೇ ಅಂತಿಮ.

“ಇದು ಎಲ್ಲರಿಗೂ ಅನ್ವಯಿಸುತ್ತಾ ಸರ್?”

“ನನ್ನನ್ನೂ ಸೇರಿಸಿ. ತಗೋ, ಸಹಿ ಹಾಕು.”

ವಿಮಲಾಕ್ಷಿ ಪೆನ್ನು ಮುಟ್ಟಲಿಲ್ಲ. ಸಾಹೇಬರದೇ ಸೇವಾ ದಾಖಲೆ ತೆರೆದು ಪರದೆಯನ್ನು ಅವರತ್ತ ತಿರುಗಿಸಿದಳು.

“ನೀವು ಹುಟ್ಟಿದ್ದು ಮಾರ್ಚ್ ಹನ್ನೆರಡಕ್ಕೆ ಅಂತಿದೆ ಸರ್. ಮಾರ್ಚಿಗೇ ನಿವೃತ್ತರಾದವರು ಆಗಸ್ಟಿನಲ್ಲಿ ಕೊಟ್ಟ ಮೆಮೊಗೆ ನಾನು ಹೇಗೆ ಸಹಿ ಹಾಕಲಿ?”