ತಾನೇ ಹಾಡುವ ಪೆಟ್ಟಿಗೆ

ಷಡ್ಡಕರಿಬ್ಬರ ಮನೆಗೂ ನಡುಗೋಡೆ ಒಂದೇ, ವೈಫೈಯೂ ಒಂದೇ. ಮೊಬೈಲಿನಿಂದ ನಡೆಸುವ ಹಾಡಿನ ಪೆಟ್ಟಿಗೆಯನ್ನೂ ಇಬ್ಬರೂ ಒಂದೇ ಅಂಗಡಿಯಲ್ಲಿ ಕೊಂಡಿದ್ದರು. ಆ್ಯಪು ಮಾತ್ರ ಅವರವರ ಇಷ್ಟದ್ದು.

ಮರಿಸ್ವಾಮಿಯ ಪೆಟ್ಟಿಗೆ ತಂದ ದಿನದಿಂದ ತುಟಿ ಬಿಚ್ಚಿರಲಿಲ್ಲ. ಗೋಡೆಯಾಚೆ ಲಿಂಗರಾಜುವಿನದು ಹಾಲು ಕರೆಯುವ ಹೊತ್ತಿಗೇ ಶುರುವಾಗುತ್ತಿತ್ತು. ಅದೂ ಮರಿಸ್ವಾಮಿ ಜೀವ ಬಿಡುವಂಥ ತತ್ವಪದಗಳು. ಹೊಟ್ಟೆಯುರಿ ತಾಳಲಾರದೆ ಒಂದು ಸಂಜೆ ಅವನು ಅಲ್ಲಿಗೇ ಹೋಗಿ ಕೂತ. ಮೂಲೆಯಲ್ಲಿ ಪೆಟ್ಟಿಗೆ ಹಾಡುತ್ತಿತ್ತು.

“ನಿನ್ನ ಆ್ಯಪು ಅದೆಂಗೆ ನಡೆಸ್ತೀಯಣ್ಣ?”

“ನಡೆಸೋದೇನು ಬಂತು? ನಾನು ಮುಟ್ಟೋದೇ ಇಲ್ಲ. ಹೊತ್ತು ನೋಡ್ಕೊಂಡು ಅದೇ ಹಾಡ್ತದೆ.”

“ನಂದು ಒತ್ತಿ ಒತ್ತಿ ಹೆಬ್ಬೆಟ್ಟು ಸವೀತು. ಈಗಲೂ ಒತ್ತಿಟ್ಟೇ ಬಂದೆ, ಕೆಮ್ಮೋದೂ ಇಲ್ಲ.”

“ಆ್ಯಪು ಆರಿಸೋಕೂ ತಲೆ ಬೇಕು ಕಣೋ. ನಮ್ಮನೇದು ಮನಸ್ಸಲ್ಲಿರೋದನ್ನೇ ತಿಳ್ಕೊತದೆ.”

ಮರಿಸ್ವಾಮಿಗೆ ಮೈಯೆಲ್ಲ ಉರಿಯಿತು. ಆ ದರಿದ್ರ ಆ್ಯಪನ್ನು ಅಳಿಸಿಯೇ ಬಿಡಬೇಕೆಂದು ಜೇಬಿನಿಂದ ಮೊಬೈಲು ತೆಗೆದು, ಮೊದಲು ಅದರಲ್ಲಿ ಓಡುತ್ತಿದ್ದ ಹಾಡನ್ನು ನಿಲ್ಲಿಸಿದ.

ಮೂಲೆಯ ಪೆಟ್ಟಿಗೆ ಥಟ್ಟನೆ ಸುಮ್ಮನಾಯಿತು.

“ನೋಡಿದ್ಯಾ,” ಎಂದ ಲಿಂಗರಾಜು, “ನಾವು ಮಾತಾಡ್ತಾ ಕೂತಿದ್ದೀವಿ ಅಂತ ಅದೇ ನಿಲ್ಲಿಸ್ತು.”